ಪವಾಡ ಅನ್ನಬೇಡಿ

ಓದುಗರ ಪತ್ರ: ‘ಮೈದಾನ್’ ಚಿತ್ರವನ್ನು ಮನೆಮಂದಿಯೆಲ್ಲ ಕೂತು ನೋಡಿದೆವು. ಏಳನೇ ಕ್ಲಾಸಿನ ಮಗ ಕೊನೆಯ ಅರ್ಧ ಗಂಟೆ ಎದ್ದು ನಿಂತೇ ನೋಡಿದ. ನನ್ನ ಕಣ್ಣೂ ಒದ್ದೆಯಾಯಿತು. ನಿಮ್ಮ ವಿಮರ್ಶೆಯಲ್ಲಿ ಮಾತ್ರ ‘ಅದನ್ನು ಬಿಟ್ಟಿದ್ದಾರೆ, ಇದನ್ನು ಸೇರಿಸಿದ್ದಾರೆ’ ಎಂಬ ಕೊಂಕು. ಏನೂ ಇಲ್ಲದ ತಂಡವೊಂದು ಪವಾಡ ಮಾಡಿದ ನಿಜಕಥೆ ಇದು. ಸ್ಫೂರ್ತಿ ಸಿಕ್ಕರೆ ಸಾಲದೆ? ಇತಿಹಾಸ ಬೇಕಾದವರು ಪುಸ್ತಕ ಓದಲಿ.
– ಒಬ್ಬ ಓದುಗಿ, ಹಾಸನ

ಸಂಪಾದಕರ ಉತ್ತರ:

ಮಗ ಎದ್ದು ನಿಂತು ನೋಡಿದ ಅಂದಿರಲ್ಲ, ಆ ಒಂದು ಸಾಲಿಗಾಗಿ ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಿನಿಮಾಕ್ಕೆ ಅದರದೇ ಧರ್ಮವಿದೆ, ಹತ್ತು ವರ್ಷವನ್ನು ಮೂರು ಗಂಟೆಗೆ ಇಳಿಸುವಾಗ ಕತ್ತರಿ ಆಡಲೇಬೇಕು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಫುಟ್‌ಬಾಲ್ ಫೈನಲ್ ತೆಗೆದ ರೀತಿಗೆ ನಾನೂ ತಲೆದೂಗಿದವನೇ. ಅಷ್ಟನ್ನು ಒಪ್ಪಿದೆ. ಆದರೆ ‘ಏನೂ ಇಲ್ಲದ ತಂಡ’, ‘ಪವಾಡ’ ಎಂಬ ಎರಡು ಮಾತುಗಳಿಗೆ ಮಾತ್ರ ನಾನು ತಲೆಯಾಡಿಸಲಾರೆ.

ಚಿತ್ರ ಶುರುವಾಗುವುದು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಿಂದ. ಯುಗೊಸ್ಲಾವಿಯ ಎದುರು 10-1ರ ಸೋಲು, ಬರಿಗಾಲಿನ ಹುಡುಗರು, ತಲೆ ತಗ್ಗಿಸಿದ ಕೋಚ್. ಅಲ್ಲಿಂದ ಏರುತ್ತ ಏರುತ್ತ 1962ರ ಚಿನ್ನ. ಕಣ್ಣಿಗೆ ಚೆಂದ. ಆದರೆ ಹೆಲ್ಸಿಂಕಿಗಿಂತ ಒಂದೇ ವರ್ಷ ಮೊದಲು, 1951ರಲ್ಲಿ, ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಕೋಚ್ ಸೈಯದ್ ಅಬ್ದುಲ್ ರಹೀಮರ ತಂಡ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದಿತ್ತು. ಅಂದರೆ ಹೆಲ್ಸಿಂಕಿಗೆ ಹೋದದ್ದು ಏಷ್ಯಾದ ಚಾಂಪಿಯನ್ ತಂಡ. ನಮಗೆ ಹತ್ತು ಗೋಲು ಹೊಡೆದ ಯುಗೊಸ್ಲಾವಿಯ ಆ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡ. ಅವರು ತೊಂಬತ್ತು ನಿಮಿಷದ ಆಟಕ್ಕೆ ಪಳಗಿದವರು, ನಮ್ಮಲ್ಲಿ ಆಗ ಪಂದ್ಯವೆಂದರೆ ಎಪ್ಪತ್ತೇ ನಿಮಿಷ. ಇದನ್ನೆಲ್ಲ ಬದಿಗಿಟ್ಟರೆ ಉಳಿಯುವುದು ‘ಬಡಪಾಯಿ ತಂಡ’ ಒಂದೇ.

ಇನ್ನು ಆ 10-1ರಲ್ಲಿ ‘1’ ಇದೆಯಲ್ಲ, ಅದನ್ನು ಹೊಡೆದವರು ಯಾರು ಅಂತ ನಿಮ್ಮ ಮಗನಿಗೆ ಹೇಳಿದ್ದೀರಾ? ಅಹ್ಮದ್ ಖಾನ್. ಬೆಂಗಳೂರಿನವರು. ಚೆಂಡು ಅವರ ಕಾಲಿಗೆ ಸಿಕ್ಕರೆ ಎದುರಾಳಿ ಪುಂಗಿಗೆ ತಲೆಯಾಡಿಸುವ ಹಾವಿನಂತಾಗುತ್ತಿದ್ದ, ಅದಕ್ಕೇ ಅವರಿಗೆ ಹಾವಾಡಿಗ ಎಂಬ ಹೆಸರು ಬಂತು. ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ‘ಪಂಚ ಪಾಂಡವ’ರು ಎನಿಸಿದ್ದ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರು. 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಎಷ್ಟು ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಆ ಸುದ್ದಿ ಬಂತು?

ಅದಕ್ಕೂ ಹಿಂದೆ, 1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತ ಫ್ರಾನ್ಸ್ ಎದುರು ಆಡಿ 2-1ರಿಂದ ಸೋತ ಪಂದ್ಯ. ಬಹುಪಾಲು ಹುಡುಗರು ಬರಿಗಾಲಲ್ಲಿದ್ದರು, ಎರಡು ಪೆನಾಲ್ಟಿ ಕೈತಪ್ಪದಿದ್ದರೆ ಗೆದ್ದೇ ಬಿಡುತ್ತಿದ್ದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಅವತ್ತು ಬಂದದ್ದು ಸಾರಂಗಪಾಣಿ ರಾಮನ್ ಅವರಿಂದ. ಅವರೂ ಬೆಂಗಳೂರಿನ ಮಣ್ಣಿನವರೇ. ಇನ್ನೂ ಹಿಂದೆ ಹೋಗಿ: 1937ರಲ್ಲಿ ಬಾಂಬೆಯ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಅಲ್ಲಿಯವರೆಗೆ ಬ್ರಿಟಿಷ್ ಸೈನ್ಯದ ತಂಡಗಳು ಹೊತ್ತೊಯ್ಯುತ್ತಿದ್ದ ಕಪ್ ಅದು. ಮರುವರ್ಷ ಮತ್ತೆ ಗೆದ್ದರು. ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು 1946-47ರಲ್ಲೇ ಎತ್ತಿತ್ತು.

ಇಷ್ಟೆಲ್ಲ ಏಕೆ ಹೇಳಿದೆ ಅಂದರೆ, ಇದು ಒಬ್ಬ ಕೋಚ್ ಬಂದು ಮಂತ್ರ ಹಾಕಿದ ಕಥೆಯಲ್ಲ. ಹೈದರಾಬಾದಿನ ಗಲ್ಲಿಗಳು, ಕಲ್ಕತ್ತದ ಕ್ಲಬ್ಬುಗಳು, ಬೆಂಗಳೂರಿನ ದಂಡು ಪ್ರದೇಶ, ಇವೆಲ್ಲ ನಾಲ್ಕಾರು ದಶಕ ಹೊತ್ತು ಹೆತ್ತ ಫಸಲು. ಹಲಸೂರಿನ ಪಕ್ಕದ ಗೌತಮಪುರಕ್ಕೆ ನಾನೊಮ್ಮೆ ಹೋಗಿದ್ದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆ ಅಲ್ಲಿ ಪೆಲೆಯ ಪ್ರತಿಮೆಯೂ ಇದೆ, ಕೈಯಲ್ಲಿ ಕಪ್ ಹಿಡಿದು ನಿಂತ ಪೆಲೆ. ಪ್ರತಿಮೆಯ ಬುಡದಲ್ಲಿ ಒಬ್ಬ ಹುಡುಗ ಕೂತು ಬೂಟಿನ ಲೇಸು ಕಟ್ಟುತ್ತಿದ್ದ. ಬೂಟು ಅವನ ಕಾಲಿಗಿಂತ ಎರಡು ಸೈಜು ದೊಡ್ಡದು. ಲೇಸನ್ನು ಅಂಗಾಲಿನ ಕೆಳಗಿನಿಂದ ಎರಡು ಸುತ್ತು ತಂದು ಬಿಗಿದು, ಮುಂದಕ್ಕೆ ಬಟ್ಟೆಯ ಚೂರು ತುರುಕಿ, ಎದ್ದು ಎರಡು ಸಲ ನೆಲ ಒದ್ದು ನೋಡಿ, ಓಡಿದ. ಅಣ್ಣನದೋ ಮಾವನದೋ ಬೂಟು ಇದ್ದೀತು. ಒಂದು ಆಟ ಒಂದು ಓಣಿಯಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟುವುದು ಹೀಗೆ.

ರಹೀಮರನ್ನು ಸಣ್ಣ ಮಾಡಲು ಇದನ್ನು ಹೇಳುತ್ತಿಲ್ಲ. ನನ್ನ ಪಾಲಿಗೆ ಅವರು ಸಿನಿಮಾ ತೋರಿಸಿದ್ದಕ್ಕಿಂತ ದೊಡ್ಡವರು. ಅವರು ಮೂಲತಃ ಸ್ಕೂಲ್ ಮೇಷ್ಟ್ರು. ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ತಿದ್ದಿ ತೀಡಿ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆಲ್ಲಿಸಿದರು. ಡ್ರಿಬ್ಲಿಂಗ್, ಅಂದರೆ ಚೆಂಡನ್ನು ಕಾಲಲ್ಲೇ ಆಡಿಸುತ್ತ ಒಯ್ಯುವುದು, ಮಾಡುವಂತಿಲ್ಲ ಎಂಬ ನಿಯಮದ ಪಂದ್ಯಾವಳಿ ನಡೆಸಿದರು, ಬಲಗಾಲಿನವನು ಎಡಗಾಲಲ್ಲೇ ಒದೆಯಬೇಕು ಎಂದು ಆಡಿಸಿದರು. ಮಗ್ಗಿ ಬಾಯಿಪಾಠ ಮಾಡಿಸುವ ಮೇಷ್ಟ್ರ ಪಟ್ಟು ಅದು. 1956ರ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾಗೆ ನಾಲ್ಕು ಗೋಲು ಹೊಡೆದು ಒಲಿಂಪಿಕ್ಸ್ ಸೆಮಿಫೈನಲ್ ಮುಟ್ಟಿದ್ದು ಆ ಪಟ್ಟಿನ ಫಲ. ನೆವಿಲ್ ಡಿಸೋಜಾ ಅವತ್ತು ಹ್ಯಾಟ್ರಿಕ್ ಹೊಡೆದರು.

ಜಕಾರ್ತಾದಲ್ಲೂ ಅಷ್ಟೇ. ಗುಂಪಿನ ಪಂದ್ಯದಲ್ಲಿ ದಕ್ಷಿಣ ಕೊರಿಯಾ ನಮ್ಮನ್ನು 2-0ಯಿಂದ ಸೋಲಿಸಿತ್ತು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಹೊಲಿಗೆ ಬಿದ್ದಿತ್ತು. ರಹೀಮರು ಅವರನ್ನು ಕೂರಿಸದೆ ಮುಂದೆ ಒಯ್ದು ಸೆಂಟರ್ ಫಾರ್ವರ್ಡ್ ಮಾಡಿದರು. ಸೆಮಿಫೈನಲ್‌ನಲ್ಲಿ ಒಂದು ಗೋಲು, ಫೈನಲ್‌ನಲ್ಲಿ ಇನ್ನೊಂದು. ಆತಿಥೇಯ ಇಂಡೋನೇಷ್ಯಾ ಇಸ್ರೇಲ್ ಮತ್ತು ತೈವಾನನ್ನು ಗೇಮ್ಸ್‌ನಿಂದ ಹೊರಗಿಟ್ಟದ್ದನ್ನು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಟೀಕಿಸಿದ್ದರಿಂದ ಕೆರಳಿದ್ದ ಪ್ರೇಕ್ಷಕರು ಲಕ್ಷದಷ್ಟು. ಅವರ ಕೂಗಾಟದ ನಡುವೆ 1962ರ ಸೆಪ್ಟೆಂಬರ್ 4ರಂದು ಅದೇ ಕೊರಿಯಾವನ್ನು 2-1ರಿಂದ ಮಣಿಸಿದರು. ಶ್ವಾಸಕೋಶದ ಕ್ಯಾನ್ಸರ್ ಇಟ್ಟುಕೊಂಡು ಬದಿಯಲ್ಲಿ ಕೂತಿದ್ದ ಮೇಷ್ಟ್ರು 1963ರ ಜೂನ್‌ನಲ್ಲಿ ತೀರಿಕೊಂಡರು. ತಮ್ಮನ್ನು ಸೋಲಿಸಿದ್ದ ತಂಡದ ಆಟವನ್ನು ಓದಿ, ಲೆಕ್ಕ ಹಾಕಿ, ಆಳನ್ನು ಜಾಗ ಬದಲಿಸಿ ನಿಲ್ಲಿಸಿ ಗೆದ್ದ ಗೆಲುವಿಗೆ ಪವಾಡ ಅಂದರೆ ಆ ಮನುಷ್ಯನ ತಲೆಗೆ, ಕಣ್ಣಿಗೆ, ರಾತ್ರಿಗಳಿಗೆ ಬೆಲೆ ಎಲ್ಲಿ ಬಂತು?

ಚಿತ್ರದಲ್ಲಿ ಒಬ್ಬ ದುಷ್ಟ ಪತ್ರಕರ್ತ, ಕಚೇರಿಯಲ್ಲಿ ಕಾಲೆಳೆಯುವವನೊಬ್ಬ. ಕಟ್ಟಿದ ಪಾತ್ರಗಳು. ನನಗೆ ಸಂಕಟವಾಗುವುದು ಇಲ್ಲೇ. ಖಳನಾಯಕ ಸೋತ, ಕಥೆ ಮುಗಿಯಿತು, ನಾವು ಕಣ್ಣೊರೆಸಿಕೊಂಡು ಎದ್ದೆವು. ಆದರೆ 1962ರ ಮೇಲೆ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ನಮಗೆ ಇವತ್ತಿಗೂ ಬಂದಿಲ್ಲ. ಯಾವ ಖಳನಾಯಕನೂ ಅದನ್ನು ಕಸಿದುಕೊಂಡಿಲ್ಲ. ಮೈದಾನ ಹೋಯಿತು, ಮೇಷ್ಟ್ರು ಹೋದರು, ಅಷ್ಟೆ.

ನಾನು ಓದಿದ ತಾಲ್ಲೂಕು ಹೈಸ್ಕೂಲಿನಲ್ಲಿ ಒಂದೇ ಫುಟ್‌ಬಾಲ್ ಇತ್ತು. ಬ್ಲಾಡರ್ ತೂತಾದರೆ ನಮ್ಮ ಪಿ.ಟಿ. ಮೇಷ್ಟ್ರು ಅದನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ, ಸೈಕಲ್ ಪ್ಯಾಚ್ ಹಾಕಿ, ಚರ್ಮದ ಹೊಲಿಗೆಯನ್ನು ತಾವೇ ದಬ್ಬಣದಲ್ಲಿ ಹಾಕುತ್ತಿದ್ದರು. ಅವರು ರಿಟೈರ್ ಆದ ಮೇಲೆ ಆ ಹುದ್ದೆಗೆ ಯಾರೂ ಬರಲಿಲ್ಲ. ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದು ಪಿ.ಟಿ. ಪೀರಿಯಡ್ಡು ಗಣಿತಕ್ಕೆ ಹೋಯಿತು. ಆಮೇಲೆ ಮೈದಾನದ ಅರ್ಧಕ್ಕೆ ಕಟ್ಟಡ ಬಂತು, ಉಳಿದರ್ಧದಲ್ಲಿ ಈಗ ಗಾಡಿ ನಿಲ್ಲಿಸುತ್ತಾರೆ. ಗೋಲ್ ಪೋಸ್ಟಿನ ಒಂದು ಕಂಬ ಕಾಂಪೌಂಡಿನ ಬಳಿ ಇನ್ನೂ ನಿಂತಿದೆ, ಅದಕ್ಕೆ ತಂತಿ ಕಟ್ಟಿ ಬಟ್ಟೆ ಒಣಹಾಕಿದ್ದನ್ನು ಕಣ್ಣಾರೆ ಕಂಡೆ.

ನಾವು ನೆನಪಿಸಿಕೊಳ್ಳುವುದೂ ತಡ. 1962ರ ಆ ತಂಡದ ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ 2020ರಲ್ಲಿ ಹೋದರು, ತುಳಸೀದಾಸ್ ಬಲರಾಮ್ 2023ರಲ್ಲಿ. ಚಿತ್ರ ತೆರೆಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ. 2023ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕದ ಹುಡುಗರು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷದ ಮೇಲೆ ಸಂತೋಷ್ ಟ್ರೋಫಿ ತಂದರು. ಅದರಲ್ಲಿ ಒಬ್ಬನ ಹೆಸರಾದರೂ ನಿಮ್ಮ ಮನೆಯಲ್ಲಿ ಯಾರಿಗಾದರೂ ಗೊತ್ತಿದೆಯೇ? ಬೈಯುತ್ತಿಲ್ಲ ತಾಯಿ. ನಮ್ಮ ಪತ್ರಿಕೆಯೂ ಅದಕ್ಕೆ ಕೊಟ್ಟದ್ದು ಅರ್ಧ ಕಾಲಂ, ಆ ತಪ್ಪು ನನ್ನದು.

ನಿಮ್ಮ ಮಗನ ವೇಳಾಪಟ್ಟಿಯಲ್ಲಿ ವಾರಕ್ಕೆ ಎಷ್ಟು ಪಿ.ಟಿ. ಪೀರಿಯಡ್ ಇದೆ, ಅದರಲ್ಲಿ ಎಷ್ಟು ನಿಜವಾಗಿ ಮೈದಾನದಲ್ಲಿ ನಡೆಯುತ್ತದೆ ಎಂದು ಅವನನ್ನೇ ಕೇಳಿ. ಉತ್ತರವನ್ನು ಅವನ ಕೈಯಲ್ಲೇ ಬರೆಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.