ಓದುಗರ ಪ್ರಶ್ನೆ: ಯಾವ ದೇಶದ ಗುಣಮಟ್ಟ, ಯಾವ ಕಾರ್ಖಾನೆಗೆ?

ಈ ಸಲದ ಪತ್ರಗಳೆಲ್ಲ ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆಯವು. ಮಾಲು ಕೊಳ್ಳುವವರು ಒಬ್ಬೊಬ್ಬರು ಒಂದೊಂದು ಲೆಕ್ಕ ಕೇಳುತ್ತಾರೆ ಎಂಬುದೇ ಎಲ್ಲರ ತಕರಾರು.

ಪ್ರಶ್ನೆ (ದಾವಣಗೆರೆ): ಜಪಾನಿನ ಮಾಲು ಎಂದರೆ ಕಣ್ಣುಮುಚ್ಚಿ ಕೊಳ್ಳಬಹುದು ಅಂತಾರೆ. ಇದು ಅವರ ರಕ್ತಗುಣವೋ, ಕಲಿತದ್ದೋ?

ಕಲಿತದ್ದೇ. ಯುದ್ಧಕ್ಕೆ ಮುಂಚೆ ಜಪಾನಿನ ಮಾಲು ಎಂದರೆ ಹೊರಗಿನವರ ಬಾಯಲ್ಲಿ ಅಗ್ಗದ ಮಾಲು ಅಂತಲೇ ಹೆಸರು. 1950ರಲ್ಲಿ ಅಲ್ಲಿನ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಅವರನ್ನು ಕರೆಸಿ ಪಾಠ ಹೇಳಿಸಿಕೊಂಡಿತು. ಮರುವರ್ಷವೇ ಅವರ ಹೆಸರಿನಲ್ಲಿ ಬಹುಮಾನ ಶುರುವಾಯಿತು. 1954ರಲ್ಲಿ ಗುಣಮಟ್ಟದ ಇನ್ನೊಬ್ಬ ಅಮೆರಿಕನ್ ತಜ್ಞ ಜುರಾನ್ ಹೋದರು, 1962ರಲ್ಲಿ ಕ್ವಾಲಿಟಿ ಸರ್ಕಲ್‌ಗಳು, ಅಂದರೆ ಕೆಲಸದ ದೋಷವನ್ನು ತಾವೇ ಕೂತು ಬಗೆಹರಿಸುವ ಕೆಲಸಗಾರರ ಗುಂಪುಗಳು, ಹುಟ್ಟಿದವು. ಡೆಮಿಂಗ್ ಕಲಿಸಿದ ಕಂಟ್ರೋಲ್ ಚಾರ್ಟ್ (ಕೆಲಸ ಹದ್ದಿನಲ್ಲಿದೆಯೇ ಎಂದು ಗೆರೆ ಎಳೆದು ತೋರಿಸುವ ಪಟ್ಟಿ) ಕೂಡ ಅವರ ಸ್ವಂತದ್ದಲ್ಲ, ಅಮೆರಿಕದ ಬೆಲ್ ಟೆಲಿಫೋನ್ ಸಮೂಹದಲ್ಲಿದ್ದ ಶೆವಾರ್ಟ್ 1924ರಲ್ಲಿ ಬರೆದು ತೋರಿಸಿದ್ದು. ಆ ಶೆವಾರ್ಟ್ ನಮ್ಮ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಆಹ್ವಾನದ ಮೇಲೆ 1947-48ರಲ್ಲೇ ಭಾರತಕ್ಕೆ ಬಂದಿದ್ದರು. ಅಂದರೆ ವಿದ್ಯೆ ನಮ್ಮ ಬಾಗಿಲಿಗೂ ತಡವಾಗಿ ಬಂದದ್ದಲ್ಲ. ಅಲ್ಲಿ ಅದು ಮಷಿನ್ ಪಕ್ಕದ ಫೋರ್ಮನ್ ಕೈಗೆ ಹೋಯಿತು, ನಮ್ಮಲ್ಲಿ ಬಹುಕಾಲ ಇನ್‌ಸ್ಪೆಕ್ಷನ್ ಕೋಣೆಯ ಬೀರುವಿನಲ್ಲಿ ಉಳಿಯಿತು ಎಂಬುದು ನಮ್ಮ ಅಭಿಪ್ರಾಯ. ಡೆಮಿಂಗ್ ಬಹುಮಾನ ಮೊದಲ ಸಲ ಒಂದು ಭಾರತೀಯ ಕಂಪನಿಗೆ, ಸುಂದರಂ ಕ್ಲೇಟನ್‌ಗೆ, ಸಿಕ್ಕಿದ್ದು 1998ರಲ್ಲಿ.

ಜಪಾನಿನವರು ತಾವೇ ಸೇರಿಸಿದ್ದು ಏನೆಂದು ಮಿಲ್ಲುಗಳ ಊರಿನವರಿಗೆ ಬೇಗ ಅರ್ಥವಾಗುತ್ತದೆ. ಮಗ್ಗದಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಎಳೆದ ನೂಲಿನ, ಒಂದೊಂದು ಎಳೆಯ ಮೇಲೂ ತೆಳುವಾದ ಲೋಹದ ಪಟ್ಟಿಯೊಂದು ಕೂತಿರುತ್ತದೆ. ಎಳೆ ಹರಿದರೆ ಪಟ್ಟಿ ಕೆಳಗೆ ಬೀಳುತ್ತದೆ, ಮಗ್ಗ ನಿಲ್ಲುತ್ತದೆ. ಹೀಗೆ ನೂಲು ಹರಿದರೆ ತಾನೇ ನಿಲ್ಲುವ ಮಗ್ಗಗಳನ್ನು ಸಕಿಚಿ ಟೊಯೊಡಾ ತಿದ್ದುತ್ತಾ ಬಂದು, 1924ರಲ್ಲಿ ಜಿ ಮಾದರಿಯ ಸ್ವಯಂಚಾಲಿತ ಮಗ್ಗ ಮುಗಿಸಿದರು. 1929ರಲ್ಲಿ ಅದರ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡುಕೊಂಡಿತು. ಮಗ್ಗ ಮಾಡುವುದನ್ನು ಇಂಗ್ಲೆಂಡೇ ಜಪಾನಿನಿಂದ ಕೊಂಡ ಕಾಲ ಅದು! ದೋಷ ಕಂಡ ತಕ್ಷಣ ಕೆಲಸ ನಿಲ್ಲಿಸುವ ಈ ಬುದ್ಧಿಯೇ ಮುಂದೆ ಟೊಯೊಟಾ ಕಾರಿನ ಲೈನಿನಲ್ಲಿ ಕೆಲಸಗಾರ ಎಳೆಯುವ ಹಗ್ಗವಾಯಿತು. ಹರಿದ ಎಳೆಯ ಮೇಲೆ ಹತ್ತು ಮೀಟರ್ ನೇಯ್ದು ಆಮೇಲೆ ಬಟ್ಟೆಯಲ್ಲಿ ದೋಷ ಹುಡುಕುವುದು ಹಳೆ ಪದ್ಧತಿ. ದೇಶ ದೇಶದ ಪದ್ಧತಿ ಬೇರೆಯಾಗುವುದು ದೋಷವನ್ನು ಎಲ್ಲಿ ಹಿಡಿಯುತ್ತಾರೆ ಎಂಬುದರಲ್ಲಿ. ಕೆಳಗಿನ ಉತ್ತರಗಳನ್ನೂ ಅದೇ ಕಣ್ಣಿನಲ್ಲಿ ಓದಿ.

ಪ್ರಶ್ನೆ (ಹರಿಹರ): ನಮ್ಮದು ಎರಡು ಸಿಎನ್‌ಸಿ ಲೇತಿನ ವರ್ಕ್‌ಶಾಪ್. 25 ಮಿ.ಮೀ. ಎಚ್7 ಬೋರಿನ ಸ್ಟೀಲ್ ಬುಷ್ ಮಾಡುತ್ತೇವೆ. ಎಲ್ಲ ಪೀಸೂ ಗೇಜಿನಲ್ಲಿ ಪಾಸ್. ಆದರೂ ಪಾರ್ಟಿ ಸಿಪಿಕೆ 1.33 ತೋರಿಸಿ ಅಂತಾರೆ. ಇನ್ನೇನು ಬೇಕು ಅವರಿಗೆ?

ಗೋ, ನೋ-ಗೋ ಗೇಜು ಇವತ್ತಿನ ಪೀಸಿನ ಬಗ್ಗೆ ಹೇಳುತ್ತದೆ. ಪಾರ್ಟಿಗೆ ಬೇಕಿರುವುದು ನಾಳೆಯ ಪೀಸಿನ ಭರವಸೆ. ಅದಕ್ಕೆ ಅಳತೆಯ ಅಂಕಿಯೇ ಬೇಕು, ಪಾಸ್-ಫೇಲ್ ಸಾಲದು. ಸಿಪಿಕೆ ಎಂದರೆ ಸರಾಸರಿಯಿಂದ ಹತ್ತಿರದ ಮಿತಿಗೆ ಉಳಿದ ಜಾಗವನ್ನು ಮೂರು ಸಿಗ್ಮಾದಿಂದ ಭಾಗಿಸಿದ್ದು; ಸಿಗ್ಮಾ ಎಂದರೆ ಪೀಸು ಪೀಸಿನ ಅಳತೆ ಎಷ್ಟು ಚದುರಿದೆ ಎಂಬುದರ ಲೆಕ್ಕ.

ಎಚ್7 ಎಂದರೆ ನಿಮ್ಮ ಬೋರು 25.000ರಿಂದ 25.021ರ ಒಳಗೆ ಇರಬೇಕು, ಒಟ್ಟು 21 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಜಾಗ. ಗಂಟೆಗೊಮ್ಮೆ ಸಾಲಾಗಿ ಬಂದ 5 ಪೀಸು ತೆಗೆದು ಬೋರ್ ಗೇಜಿನಲ್ಲಿ ಅಳೆಯಿರಿ. ಐದರ ಸರಾಸರಿ ಒಂದು ಕಡೆ, ದೊಡ್ಡದು ಸಣ್ಣದರ ಅಂತರ ಇನ್ನೊಂದು ಕಡೆ ಬರೆಯಿರಿ. ಇಂಥ 25 ಗುಂಪು ಆದ ಮೇಲೆ ಲೆಕ್ಕಕ್ಕೆ ಕೂಡಿ. ಉದಾಹರಣೆಗೆ ಒಟ್ಟು ಸರಾಸರಿ 25.012, ಅಂತರದ ಸರಾಸರಿ 7 ಮೈಕ್ರಾನ್ ಬಂತು ಅನ್ನಿ. ಐದರ ಗುಂಪಿಗೆ ಕೋಷ್ಟಕದಲ್ಲಿ ಕೊಟ್ಟ ಗುಣಕ 0.577. ಅದನ್ನು 7ರಿಂದ ಗುಣಿಸಿದರೆ ಸುಮಾರು 4. ಹಾಗಾಗಿ ಸರಾಸರಿ ಚಾರ್ಟಿನ ಗೆರೆಗಳು 25.008 ಮತ್ತು 25.016. ಅಂತರದ ಚಾರ್ಟಿಗೆ ಮೇಲಿನ ಗೆರೆ 2.114 ಗುಣಿಸು 7, ಅಂದರೆ 14.8 ಮೈಕ್ರಾನ್. 7ನ್ನು 2.326ರಿಂದ ಭಾಗಿಸಿದರೆ ಸಿಗ್ಮಾ ಸುಮಾರು 3 ಮೈಕ್ರಾನ್. ಮೇಲಿನ ಮಿತಿಗೆ ಉಳಿದಿರುವುದು 9 ಮೈಕ್ರಾನ್, ಮೂರು ಸಿಗ್ಮಾ ಎಂದರೂ 9. ಸಿಪಿಕೆ 1.0. ಪೀಸೆಲ್ಲ ಪಾಸ್, ಪಾರ್ಟಿ ಮಾತ್ರ ಒಪ್ಪುವುದಿಲ್ಲ ಎಂಬ ನಿಮ್ಮ ಒಗಟು ಇಷ್ಟೇ.

ಆಫ್‌ಸೆಟ್ (ಮಷಿನಿನಲ್ಲಿ ಟೂಲಿನ ಜಾಗ ತಿದ್ದುವ ಅಂಕಿ) ಒಂದೂವರೆ ಮೈಕ್ರಾನ್ ಇಳಿಸಿ ಸರಾಸರಿಯನ್ನು ನಟ್ಟನಡುವೆ ತಂದರೂ 1.16ಕ್ಕೆ ನಿಲ್ಲುತ್ತದೆ. 1.33 ಮುಟ್ಟಬೇಕಾದರೆ ಸಿಗ್ಮಾ 2.6ಕ್ಕೆ, ಅಂದರೆ ಅಂತರದ ಸರಾಸರಿ 6ರ ಆಸುಪಾಸಿಗೆ ಇಳಿಯಬೇಕು. ಅದು ಆಫ್‌ಸೆಟ್ಟಿನಿಂದ ಆಗುವ ಕೆಲಸವಲ್ಲ. ಬೋರಿಂಗ್ ಬಾರ್ ಹೊರಚಾಚಿರುವ ಉದ್ದ, ಪೀಸನ್ನು ಹಿಡಿಯುವ ಚಕ್ಕಿನ ಜಾ, ಕೊರೆಯುವ ಇನ್ಸರ್ಟ್ ಬದಲಿಸುವ ಅವಧಿ, ಈ ಮೂರನ್ನು ಮೊದಲು ನೋಡಿ. ತೆಳು ಗೋಡೆಯ ಬುಷ್ ಆದರೆ ಜಾ ಒತ್ತಡಕ್ಕೆ ಬೋರು ಮೂರು ಮೂಲೆಯಾಗಿ, ಬಿಚ್ಚಿದ ಮೇಲೆ ಅಳತೆ ತಪ್ಪುತ್ತದೆ. ಸಾಫ್ಟ್ ಜಾ ಹಾಕಿಕೊಂಡು ಆ ಜಾಗಳನ್ನೇ ಅದೇ ಮಷಿನಿನಲ್ಲಿ ಪೀಸಿನ ಅಳತೆಗೆ ಬೋರ್ ಮಾಡಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ.

ಎಡವುವುದು ಎಲ್ಲಿ ಅಂದರೆ, ಮೊದಲನೆಯದು, ಪೀಸು ಪೀಸಿಗೂ ಆಫ್‌ಸೆಟ್ ತಿರುಗಿಸುವುದು. 25.015 ಬಂತು ಎಂದು ಕೆಳಗಿಳಿಸಿ, ಮುಂದಿನದು 25.009 ಬಂತು ಎಂದು ಮೇಲೇರಿಸಿದರೆ ಮಷಿನಿನ ಸಹಜ ಅಲುಗಾಟಕ್ಕೆ ನಿಮ್ಮ ಕೈಯ ಅಲುಗಾಟವೂ ಸೇರುತ್ತದೆ. ಗೆರೆ ದಾಟದ ಹೊರತು, ಅಥವಾ ಏಳೆಂಟು ಬಿಂದು ಒಂದೇ ಕಡೆ ಸಾಲುಗಟ್ಟದ ಹೊರತು, ಮುಟ್ಟಬೇಡಿ. ಎರಡನೆಯದು, ಸರಾಸರಿ ಚಾರ್ಟಿನಲ್ಲಿ ಡ್ರಾಯಿಂಗ್ ಮಿತಿ ಎಳೆಯುವುದು. ಐದರ ಸರಾಸರಿ ಆ ಮಿತಿಯೊಳಗೆ ಇದ್ದರೂ ಒಳಗಿನ ಒಂದು ಪೀಸು ಹೊರಗಿರಬಹುದು.

ಮೂರನೆಯದು ಬಿಸಿ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದ್ದು. ಏಪ್ರಿಲ್‌ನಲ್ಲಿ ನಿಮ್ಮ ಶೆಡ್ಡು 38 ಡಿಗ್ರಿ ಇದ್ದರೂ, ಸ್ಟೀಲ್ ಬುಷ್ಷೂ ಗೇಜು ಕೂರಿಸುವ ಸ್ಟೀಲ್ ಸೆಟ್ಟಿಂಗ್ ರಿಂಗೂ ಒಂದೇ ಬಿಸಿಯಲ್ಲಿದ್ದರೆ ತೊಂದರೆಯಿಲ್ಲ. ಆದರೆ ಚಕ್ಕಿನಿಂದ ಆಗಷ್ಟೇ ತೆಗೆದ ಪೀಸು ರಿಂಗಿಗಿಂತ 10 ಡಿಗ್ರಿ ಬಿಸಿ ಇದ್ದರೆ 25 ಮಿ.ಮೀ. ಬೋರು ಸುಮಾರು 3 ಮೈಕ್ರಾನ್ ದೊಡ್ಡದು ತೋರಿಸುತ್ತದೆ. ನಿಮ್ಮ ಸಿಗ್ಮಾದಷ್ಟೇ ಸುಳ್ಳು! ರಿಂಗಿನ ಪಕ್ಕ ಎರಕದ ಕಬ್ಬಿಣದ ಪ್ಲೇಟಿನ ಮೇಲೆ ಪೀಸು ತಣಿಸಿ ಆಮೇಲೆ ಅಳೆಯಿರಿ.

ನಾಲ್ಕನೆಯದನ್ನು ಎಲ್ಲರೂ ಮಾಡುತ್ತಾರೆ, ಯಾರೂ ಒಪ್ಪುವುದಿಲ್ಲ: ಸಂಜೆ ಶಿಫ್ಟು ಮುಗಿಯುವಾಗ ಕೂತು ಇಡೀ ದಿನದ ಅಂಕಿ ತುಂಬುವುದು. ಆಡಿಟರ್ ಹಿಡಿಯುವುದು ಸುಲಭ. ಒಂದೇ ಪೆನ್ನು, ಒಂದೇ ಓರೆ, ಕೊನೆಯ ಅಂಕಿ ಎಲ್ಲಿ ನೋಡಿದರೂ 0 ಅಥವಾ 5, ಟೂಲ್ ಬದಲಿಸಿದ ಗಂಟೆಯಲ್ಲೂ ಚಾರ್ಟು ಅಲುಗಾಡಿಲ್ಲ. ಗೇಜಿನ ಪರೀಕ್ಷೆಯನ್ನೂ ಬಿಡಬೇಡಿ. 10 ಪೀಸು, 3 ಜನ, ತಲಾ ಮೂರು ಸಲ ಅಳೆದಾಗ ಗೇಜಿನದ್ದೇ ವ್ಯತ್ಯಾಸ ಒಟ್ಟು ವ್ಯತ್ಯಾಸದ ಶೇ 10ರ ಒಳಗಿದ್ದರೆ ಒಳ್ಳೆಯದು, 30 ದಾಟಿದರೆ ಮೇಲಿನ ಲೆಕ್ಕವೆಲ್ಲ ನೀರಿನಲ್ಲಿ ಮಾಡಿದ ಹೋಮ.

ಅಮೆರಿಕದ ವಾಹನ ಕಂಪನಿಗಳ ಸರಪಳಿಯಲ್ಲಿದ್ದರೆ ಸಾಮಾನ್ಯವಾಗಿ 300 ಪೀಸಿನ ನಿಜವಾದ ಉತ್ಪಾದನೆಯಿಂದ ತೆಗೆದ ದಾಖಲೆ ಕೇಳುತ್ತಾರೆ. ಜರ್ಮನ್ ವಾಹನ ಉದ್ಯಮ ಸಂಘದ ವಿಡಿಎ 6.3 ಆಡಿಟಿನಲ್ಲಿ ಕೆಲಸದ ಪ್ರತಿ ಹಂತಕ್ಕೂ ಅಂಕ, 90 ಬಂದರೆ ಎ ದರ್ಜೆ, 80ಕ್ಕಿಂತ ಕಡಿಮೆಯಾದರೆ ಸಿ. ಮೂಲ ಲೆಕ್ಕ ಎರಡಕ್ಕೂ ಇದೇ.

ಪ್ರಶ್ನೆ (ದಾವಣಗೆರೆ): ಗಾರ್ಮೆಂಟ್ ಯೂನಿಟ್. ಬೈಯರ್ "ಎಕ್ಯುಎಲ್ 2.5" ಅಂತಾರೆ. ನೂರಕ್ಕೆ ಎರಡೂವರೆ ಪೀಸು ಕೆಟ್ಟರೂ ನಡೆಯುತ್ತದೆ ಎಂದೇ ಅರ್ಥವೇ?

ಅಲ್ಲ. ಎಕ್ಯುಎಲ್ ಎಂದರೆ ಒಪ್ಪಬಹುದಾದ ಗುಣಮಟ್ಟದ ಮಿತಿ. ಅದು ಸ್ಯಾಂಪಲ್ ಕೋಷ್ಟಕದಲ್ಲಿ ಯಾವ ಸಾಲು ನೋಡಬೇಕು ಎಂಬುದಕ್ಕೆ ಗುರುತು. 1,200 ಕುರ್ತಾದ ಲಾಟಿಗೆ ತಪಾಸಣೆಯ ಸಾಮಾನ್ಯ ಹಂತ ಎರಡರಲ್ಲಿ 80 ಪೀಸು ನೋಡುತ್ತಾರೆ. ದೊಡ್ಡ ದೋಷ 5ರವರೆಗೆ ಒಪ್ಪಿಗೆ, 6ಕ್ಕೆ ಇಡೀ ಲಾಟು ವಾಪಸ್. ಚಿಕ್ಕ ದೋಷಕ್ಕೆ 4.0 ಇಟ್ಟಿದ್ದರೆ 7ಕ್ಕೆ ಒಪ್ಪಿಗೆ, 8ಕ್ಕೆ ವಾಪಸ್. ಸೂಜಿ ಚೂರಿನಂಥ ಅಪಾಯದ ದೋಷಕ್ಕೆ ಸೊನ್ನೆ. ಈ ಕೋಷ್ಟಕದ ಮೂಲ ಅಮೆರಿಕದ ಸೈನ್ಯದ ಖರೀದಿ ನಿಯಮ. ಕೈಗೆ ಸಿಕ್ಕ ಮೇಲಿನ ಪೆಟ್ಟಿಗೆಯಿಂದಲೇ 80 ತೆಗೆದರೆ ಕೋಷ್ಟಕಕ್ಕೆ ಬೆಲೆಯಿಲ್ಲ. ಎಲ್ಲ ಸೈಜು, ಎಲ್ಲ ಬಣ್ಣ, ತಳದ ಪೆಟ್ಟಿಗೆಯೂ ಬರಬೇಕು.

ಜಪಾನಿಗೆ ಕಳಿಸುವುದಾದರೆ ಲೆಕ್ಕ ಬೇರೆ. ಅಲ್ಲಿನ ಉತ್ಪನ್ನ ಹೊಣೆ ಕಾಯ್ದೆ 1995ರಿಂದ ಜಾರಿಯಲ್ಲಿದೆ, ಬೈಯರುಗಳು ಪ್ರತಿ ಪೀಸನ್ನೂ ಸೂಜಿ ಪತ್ತೆ ಯಂತ್ರದಲ್ಲಿ ಹಾಯಿಸಲು ಹೇಳುತ್ತಾರೆ. ಯಂತ್ರ ಸರಿಯಿದೆಯೇ ಎಂದು 1.2 ಮಿ.ಮೀ. ಕಬ್ಬಿಣದ ಗುಂಡು ಹುದುಗಿಸಿದ ಕಾರ್ಡನ್ನು ಬೆಲ್ಟಿನ ಎಡ, ನಡು, ಬಲ ಮೂರೂ ಕಡೆ ಹಾಯಿಸಿ ನೋಡಬೇಕು. ಲೈನಿನಲ್ಲಿ ಸೂಜಿ ಮುರಿದರೆ ಮಷಿನ್ ನಿಲ್ಲಿಸಿ, ಚೂರುಗಳನ್ನೆಲ್ಲ ಆಯ್ದು ರಿಜಿಸ್ಟರಿನಲ್ಲಿ ಟೇಪು ಹಚ್ಚಿ ಅಂಟಿಸಿ, ಜೋಡಿಸಿದಾಗ ಇಡೀ ಸೂಜಿ ಆಗುತ್ತದೆಯೇ ನೋಡಬೇಕು. ತುದಿ ಸಿಗದಿದ್ದರೆ ಆ ಟೇಬಲ್ಲಿನ ಬಂಡಲೆಲ್ಲ ಪಕ್ಕಕ್ಕೆ. ಹಳೆ ಸೂಜಿ ಕೊಡದೆ ಹೊಸದು ಕೊಡಬೇಡಿ. ಹೊಲಿಯುವವರ ಡಬ್ಬಿಯಲ್ಲಿ ಬಿಡಿ ಸೂಜಿ ಇದ್ದರೆ ಈ ರಿಜಿಸ್ಟರ್ ಬರೀ ಅಲಂಕಾರ.

ಪ್ರಶ್ನೆ (ಚಿತ್ರದುರ್ಗ): ಮೂರು ದಿನದಲ್ಲಿ ಐಎಸ್‌ಒ 9001 ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ ಎನ್ನುತ್ತಾರೆ. ತೆಗೆದುಕೊಳ್ಳಲೇ?

ಬೇಡ. ಜಿನೀವಾದ ಐಎಸ್‌ಒ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ, ಬೇರೆ ಸಂಸ್ಥೆಗಳು ಕೊಡುತ್ತವೆ. ಕೊಡುವವರಿಗೆ ಎನ್‌ಎಬಿಸಿಬಿ (ಭಾರತದಲ್ಲಿ ಇಂಥ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಮಂಡಳಿ) ಅಥವಾ ಅದಕ್ಕೆ ಸಮನಾದ ಮಾನ್ಯತೆ ಇದೆಯೇ ನೋಡಿ. ಎರಡು ಹಂತದ ಆಡಿಟ್, ಆಮೇಲೆ ವರ್ಷಕ್ಕೊಮ್ಮೆ ಭೇಟಿ, ಮೂರು ವರ್ಷದ ಅವಧಿ, ಇದು ಸರಿಯಾದ ಕ್ರಮ. ಬ್ರಿಟನ್ನಿನ ಬಿಎಸ್ 5750 ಮಾನದಂಡದ ಆಧಾರದ ಮೇಲೆ 1987ರಲ್ಲಿ ಬಂದ ಈ ಪದ್ಧತಿ ನಿಮ್ಮ ಕೆಲಸದ ಕ್ರಮವನ್ನು ನೋಡುತ್ತದೆ, ಮಾಲನ್ನಲ್ಲ. ಮಾಲಿನ ಪೊಟ್ಟಣದ ಮೇಲೆ ಅದನ್ನು ಅಚ್ಚು ಹಾಕಿಸುವುದೂ ತಪ್ಪು.

ಪ್ರಶ್ನೆ (ಚಳ್ಳಕೆರೆ): ಅದೇ ಶೇಂಗಾ ಒಂದು ದೇಶದಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್. ಲ್ಯಾಬ್ ರಿಪೋರ್ಟೂ ಸಲಕ್ಕೊಂದು ಥರ. ಯಾಕೆ?

ಮಿತಿಯೇ ಬೇರೆ ಬೇರೆ. ಬೂಸ್ಟಿನಿಂದ ಕಾಳಿನಲ್ಲಿ ಹುಟ್ಟುವ ವಿಷ ಅಫ್ಲಾಟಾಕ್ಸಿನ್. ಅದರ ಒಟ್ಟು ಮೊತ್ತ ಕೆಜಿಗೆ ಇಷ್ಟು ಮೈಕ್ರೊಗ್ರಾಂ ಎಂದು ಲೆಕ್ಕ: ನೇರ ತಿನ್ನುವ ಶೇಂಗಾಕ್ಕೆ ಯುರೋಪಿನಲ್ಲಿ 4, ಜಪಾನಿನಲ್ಲಿ 10, ಅಮೆರಿಕದಲ್ಲಿ 20. ಮುಂದೆ ಆರಿಸಿ ಸಂಸ್ಕರಿಸುವ ಮಾಲಿಗೆ ಯುರೋಪ್ 15ರವರೆಗೆ ಬಿಡುತ್ತದೆ.

ರಿಪೋರ್ಟು ಏರುಪೇರಾಗುವುದು ಲ್ಯಾಬಿನವರ ತಪ್ಪಲ್ಲ, ವಿಷ ಇರುವ ರೀತಿಯೇ ಹಾಗೆ. ಅರ್ಧ ಗ್ರಾಂ ಕಾಳೆಂದರೆ ಟನ್ನಿಗೆ 20 ಲಕ್ಷ ಕಾಳು. ವಿಪರೀತ ಬೂಸ್ಟು ಹಿಡಿದ ಒಂದು ಕಾಳಿನಲ್ಲಿ ಅರ್ಧ ಮಿಲಿಗ್ರಾಂ ವಿಷ ಇರಬಹುದು. ಯುರೋಪಿನ ಮಿತಿಯ ಪ್ರಕಾರ ಇಡೀ ಟನ್ನಿಗೆ ಸಲ್ಲುವುದು 4 ಮಿಲಿಗ್ರಾಂ. ಅಂಥ ಎಂಟು ಕಾಳು ಸಾಕು! ಒಂದು ಮೂಟೆಯಿಂದ ಒಂದು ಹಿಡಿ ಕಳಿಸಿದರೆ ಆ ಎಂಟರಲ್ಲಿ ಒಂದು ಸಿಗುವುದು ಲಾಟರಿ. ಯುರೋಪಿನ ನಿಯಮದಲ್ಲಿ 15 ಟನ್ನಿಗಿಂತ ದೊಡ್ಡ ಲಾಟಿಗೆ 100 ಕಡೆಯಿಂದ 200 ಗ್ರಾಂನಂತೆ 20 ಕೆಜಿ ತೆಗೆಯುವುದು ಇದಕ್ಕೇ. ಅಷ್ಟನ್ನೂ ನುಣ್ಣಗೆ ಅರೆದು ಬೆರೆಸಿದ ಮೇಲೆಯೇ ಪರೀಕ್ಷೆಗೆ ಭಾಗ ತೆಗೆಯಬೇಕು.

ಇಷ್ಟಾದರೂ ಪರೀಕ್ಷೆ ವಿಷ ತೆಗೆಯುವುದಿಲ್ಲ, ಹಿಡಿಯಬೇಕಾದ್ದು ಹೊಲದಲ್ಲಿ. ಕಾಳು ಕಟ್ಟುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು ಕಾದರೆ ಬೂಸ್ಟು ನೆಲದೊಳಗೇ ಕಾಯಿಗೆ ಹತ್ತುತ್ತದೆ. ಕಿತ್ತ ಮೇಲೆ ಕಾಯಿ ಮೇಲಾಗಿ, ಸೊಪ್ಪು ಕೆಳಗಾಗಿ ಹರವಿ. ತೇವ ಶೇ 8ಕ್ಕೆ ಇಳಿಯುವವರೆಗೆ ಮೂಟೆ ಕಟ್ಟಬೇಡಿ. ಮೀಟರ್ ಇಲ್ಲದವರು ಕಾಯಿ ಅಲುಗಿಸಿ ನೋಡಿ, ಒಳಗೆ ಗಲಗಲ ಎನ್ನಬೇಕು, ಕಾಳು ಉಜ್ಜಿದರೆ ಸಿಪ್ಪೆ ಬಿಡಬೇಕು. ಕಾಳು ಒಡೆಯಬಾರದೆಂದೋ ತೂಕ ಬರಲೆಂದೋ ಸುಲಿಯುವ ಮುಂಚೆ ಕಾಯಿಗೆ ನೀರು ಚಿಮುಕಿಸುವ ರೂಢಿಯಿದೆಯಲ್ಲ, ಒಣಗಿಸಿದ ಶ್ರಮವೆಲ್ಲ ಅಲ್ಲಿಗೆ ಮಣ್ಣುಪಾಲು. ಸುಕ್ಕಿದ, ಬಣ್ಣಗೆಟ್ಟ, ಒಡೆದ ಕಾಳನ್ನು ಆರಿಸಿ ತೆಗೆದರೆ ವಿಷದ ಬಹುಪಾಲು ಅದರೊಂದಿಗೇ ಹೋಗುತ್ತದೆ. ಆರಿಸಿದ ಆ ಕಾಳನ್ನು ಗಾಣಕ್ಕೆ ಹಾಕಿದರೆ ಮಾತ್ರ ವಿಷ ಹಿಂಡಿಯಲ್ಲಿ ಉಳಿದು, ಹಿಂಡಿ ತಿಂದ ಎಮ್ಮೆಯ ಹಾಲಿಗೆ ಬರುತ್ತದೆ. ಹಾಲಿನಲ್ಲಿ ನಮ್ಮ ದೇಶದ ಮಿತಿ ಕೆಜಿಗೆ 0.5 ಮೈಕ್ರೊಗ್ರಾಂ, ಯುರೋಪಿನದು 0.05.