ಮಗುವಿನ ಹಸಿವನ್ನು ಅಳೆಯಬಹುದೇ?

ಪ್ರಶ್ನೆ: ನನ್ನ ಏಳು ವರ್ಷದ ಮಗ ಊಟವಾದ ಅರ್ಧ ಗಂಟೆಗೇ ಚಕ್ಕುಲಿ ಡಬ್ಬಿಗೆ ಕೈ ಹಾಕುತ್ತಾನೆ, ನಾಲ್ಕು ವರ್ಷದ ಮಗಳಿಗೆ ನಾಲ್ಕು ತುತ್ತು ಉಣಿಸುವುದೇ ಸಾಹಸ. ಮಗನ ತೂಕ ಹೆಚ್ಚಾಗಿದೆಯೆಂದ ವೈದ್ಯರು ನನ್ನಿಂದ 35 ಪ್ರಶ್ನೆಗಳ ಹಾಳೆಯೊಂದನ್ನು ತುಂಬಿಸಿಕೊಂಡರು. ತಾಯಿಯ ಉತ್ತರಗಳಿಂದ ತೂಕದ ಕಾರಣ ತಿಳಿಯುವುದೇ? ಅವನಿಗೆ ಕುರುಕಲು ತಿಂಡಿಯನ್ನು ಪೂರ್ತಿ ನಿಲ್ಲಿಸಲೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ತುಂಬಿದ್ದು ಬಹುಶಃ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜೇನ್ ವಾರ್ಡಲ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ. ತಿನಿಸು ಕಂಡೊಡನೆ ಆಸೆಪಡುವುದು, ಊಟದಲ್ಲಿ ಖುಷಿ, ಬೇಸರವಾದಾಗ ಹೆಚ್ಚು ತಿನ್ನುವುದು, ಏನಾದರೂ ಕುಡಿಯುತ್ತಿರಬೇಕೆನ್ನುವುದು ಒಂದು ಬಗೆಯ ಗುಣಗಳಾದರೆ, ಬೇಗ ಹೊಟ್ಟೆ ತುಂಬುವುದು, ನಿಧಾನವಾಗಿ ಉಣ್ಣುವುದು, ಬೇಸರದಲ್ಲಿ ಊಟ ಬಿಡುವುದು, ಅದು ಬೇಡ ಇದು ಬೇಡ ಎನ್ನುವುದು ಇನ್ನೊಂದು ಬಗೆ. ಈ ಎಂಟನ್ನೂ ಅದು ಬೇರೆ ಬೇರೆಯಾಗಿ ಅಳೆಯುತ್ತದೆ. ಮೊದಲ ಬಗೆಯಲ್ಲಿ, ಅದರಲ್ಲೂ ತಿನಿಸಿನ ಆಸೆಯಲ್ಲಿ, ಹೆಚ್ಚು ಅಂಕ ಪಡೆದ ಮಕ್ಕಳ ತೂಕ ಸರಾಸರಿಯಲ್ಲಿ ಹೆಚ್ಚಿಗೆಯೂ, ಬೇಗ ಹೊಟ್ಟೆ ತುಂಬುವವರ ತೂಕ ಕಡಿಮೆಯೂ ಇರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಆದರೆ ಈ ನಂಟು ಸಾಧಾರಣವಾದದ್ದು. ಒಂದು ಮಗುವಿನ ಅಂಕ ನೋಡಿ ಅದರ ಮುಂದಿನ ತೂಕವನ್ನು ಹೇಳಲಾಗದು.

ತಾಯಿಯ ಮಾತನ್ನು ನಂಬಬಹುದೇ ಎಂಬ ಸಂಶಯ ಸಂಶೋಧಕರಿಗೂ ಇತ್ತು. ಊಟ ಮುಗಿಸಿ ಹೊಟ್ಟೆ ತುಂಬಿದೆಯೆಂದ ಮಗುವನ್ನು ಆಟಿಕೆಗಳೂ ಕುರುಕಲು ತಿಂಡಿಗಳೂ ಇರುವ ಕೋಣೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಉಳಿದ ತಿಂಡಿಯನ್ನು ತೂಗಿ ನೋಡುವ ಪರೀಕ್ಷೆಯೊಂದಿದೆ. 2007ರಲ್ಲಿ ಸೂಸನ್ ಕಾರ್ನೆಲ್ ಮತ್ತು ವಾರ್ಡಲ್ ಇಂಥ ಪ್ರತ್ಯಕ್ಷ ಅಳತೆಗಳೊಂದಿಗೆ ತಾಯಂದಿರ ಉತ್ತರಗಳನ್ನು ಹೋಲಿಸಿದಾಗ ಅವು ತಕ್ಕಮಟ್ಟಿಗೆ ತಾಳೆಯಾದವು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2007ರಲ್ಲಿ ಹುಟ್ಟಿದ ಅವಳಿಗಳ ಅಧ್ಯಯನ. ಒಂದೇ ಮನೆಯಲ್ಲಿ, ಅದೇ ಪೋಷಕರ ಕೈಯಲ್ಲಿ ಬೆಳೆದರೂ, ಆಹಾರದತ್ತ ಹೆಚ್ಚು ಸೆಳೆತವಿದ್ದ ಕೂಸು 15 ತಿಂಗಳ ಹೊತ್ತಿಗೆ ತನ್ನ ಜೊತೆಯ ಕೂಸಿಗಿಂತ ಸರಾಸರಿ ಒಂದು ಕಿಲೋದಷ್ಟು ಹೆಚ್ಚು ತೂಗುತ್ತಿತ್ತು. ಆದ್ದರಿಂದ ನಿಮ್ಮ ಮಗನನ್ನು ಹೊಟ್ಟೆಬಾಕನೆಂದು ಯಾರೂ ಹಂಗಿಸಬಾರದು, ನಿಮ್ಮ ಸಾಕಣೆಯಲ್ಲೇ ದೋಷವಿದೆಯೆಂದು ನೀವೂ ಕೊರಗಬಾರದು.

ತಿಂಡಿಯನ್ನು ಪೂರ್ತಿ ನಿಲ್ಲಿಸಬೇಡಿ. ಕಣ್ಣೆದುರಿಗಿಟ್ಟು ಬೇಡವೆಂದ ತಿನಿಸಿನ ಮೇಲೆ ಮಕ್ಕಳ ಆಸೆ ಹೆಚ್ಚುತ್ತದೆಂದು ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ 1999ರಲ್ಲೇ ತೋರಿಸಿದ್ದಾರೆ. ಡಬ್ಬಿಯನ್ನು ಕಣ್ಣಿಗೆ ಬೀಳದಂತೆ ಇಟ್ಟು, ಸಂಜೆ ಗೊತ್ತಾದ ಹೊತ್ತಿನಲ್ಲಿ ಒಂದೆರಡು ಚಕ್ಕುಲಿಯನ್ನು ಇಬ್ಬರಿಗೂ ತಟ್ಟೆಯಲ್ಲಿಟ್ಟು ಕೊಡಿ. ಮಗಳ ತೂಕ ಮತ್ತು ಎತ್ತರ ಬೆಳವಣಿಗೆಯ ನಕ್ಷೆಯಲ್ಲಿ ತಮ್ಮ ಗೆರೆ ಹಿಡಿದೇ ಸಾಗುತ್ತಿದ್ದರೆ, ಸಾಕೆಂದ ಮೇಲೆ ಇನ್ನೊಂದು ತುತ್ತಿಗೆ ಒತ್ತಾಯ ಬೇಡ. ಮಗನ ತೂಕ ಏರುತ್ತಿದ್ದು ಎತ್ತರ ಮಾತ್ರ ನಿಂತಂತೆ ಕಂಡರೆ, ಅಥವಾ ಅವನು ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದರೆ, ಪ್ರಶ್ನಾವಳಿಯ ಅಂಕಕ್ಕೆ ಕಾಯದೆ ಮಕ್ಕಳ ತಜ್ಞರಿಗೆ ತಿಳಿಸಿ.