ಪ್ಯಾಡ್ ಬಡಿದ ಮೇಲೆ ಸದ್ದು ತಡವಾಗಿ ಬರುತ್ತಿದ್ದರೆ ಬಫರ್ ಒಂದನ್ನೇ ಬೈಯಬೇಡಿ

ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್‌ಗಳನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ಸ್ಟೇಜ್ ಮೇಲೆ ನುಡಿಸುತ್ತೀರಿ. 48 ಕಿಲೋಹರ್ಟ್ಜ್‌ನಲ್ಲಿ ಬಫರನ್ನು (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕು) 128 ಸ್ಯಾಂಪಲ್‌ಗೆ, ಅಂದರೆ ಸದ್ದಿನ 128 ಅಳತೆಗಳಿಗೆ ಇಳಿಸಿದರೂ ಸದ್ದು ಹಿಂದೆ ಬಿದ್ದ ಹಾಗಿದೆ, 64 ಮಾಡಿದರೆ ಚಟಪಟ ಶುರು. ನಿಮ್ಮ ಕಷ್ಟ ಇದೇ ಅಲ್ವಾ?

ಮೊದಲು ಸಣ್ಣ ಲೆಕ್ಕ ಮಾಡಿ. 128 ಸ್ಯಾಂಪಲ್ ಅಂದರೆ 128ನ್ನು 48,000ದಿಂದ ಭಾಗಿಸಿದಷ್ಟು ಸೆಕೆಂಡು, ಸುಮಾರು 2.7 ಮಿಲಿಸೆಕೆಂಡ್. 64ಕ್ಕೆ ಅದರ ಅರ್ಧ, 1.3. ಹೊರಗೆ ಹೋಗುವ ದಾರಿಯಲ್ಲಿ ನೀವು ಉಳಿಸಲು ಒದ್ದಾಡುತ್ತಿರುವುದು ಬರೀ 1.3 ಮಿಲಿಸೆಕೆಂಡ್. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ನಿಜವಾದ ಸ್ನೇರ್ ಡ್ರಮ್ ಬಾರಿಸುವವನ ಕಿವಿಗೂ ಆ ಸದ್ದು ಸುಮಾರು 2 ಮಿಲಿಸೆಕೆಂಡ್ ತಡವಾಗಿಯೇ ಮುಟ್ಟುತ್ತದೆ! ಹಾಗಾಗಿ ಬಡಿದಾಗ ಕೈಗೆ ಗೊತ್ತಾಗುವಷ್ಟು ತಡವಿದ್ದರೆ, ಕಳ್ಳ ಬೇರೆ ಕಡೆ ಇದ್ದಾನೆ.

ಅವನನ್ನು ಹಿಡಿಯಲು ಅಳೆಯಲೇಬೇಕು. ಸಾಫ್ಟ್‌ವೇರ್ ತೋರಿಸುವ ಲೇಟೆನ್ಸಿ (ತಡ) ಅಂಕಿ ನಂಬಬೇಡಿ, ಪ್ಯಾಡು, ಅದರ ಏಟನ್ನು ಲ್ಯಾಪ್‌ಟಾಪ್‌ಗೆ ಸಂಕೇತವಾಗಿ ಕಳಿಸುವ ಮಾಡ್ಯೂಲು, ಇವುಗಳ ತಡ ಅದಕ್ಕೆ ಗೊತ್ತೇ ಇರುವುದಿಲ್ಲ. ಸ್ಪೀಕರನ್ನು ಪ್ಯಾಡ್ ಪಕ್ಕಕ್ಕೇ ತನ್ನಿ. ಎರಡಕ್ಕೂ ಸಮ ದೂರದಲ್ಲಿ ಫೋನ್ ಇಟ್ಟು ರೆಕಾರ್ಡ್ ಒತ್ತಿ, ಬಿಟ್ಟು ಬಿಟ್ಟು ಇಪ್ಪತ್ತು ಏಟು ಹೊಡೆಯಿರಿ. ಆ ಫೈಲನ್ನು ಆಡಾಸಿಟಿಯಂಥ ಯಾವುದಾದರೂ ಆಡಿಯೋ ಎಡಿಟರ್‌ನಲ್ಲಿ ಹಿಗ್ಗಿಸಿ ನೋಡಿ. ಸ್ಟಿಕ್ಕು ರಬ್ಬರಿಗೆ ತಾಗಿದ 'ಟಕ್' ಒಂದು ಸಣ್ಣ ಮುಳ್ಳಿನ ಹಾಗೆ ಕಾಣುತ್ತದೆ, ಆಮೇಲೆ ಸ್ಪೀಕರಿನ ಸ್ನೇರ್ ಎದ್ದು ನಿಲ್ಲುತ್ತದೆ. ನಡುವಿನ ಅಂತರವೇ ನಿಮ್ಮ ನಿಜವಾದ ತಡ.

ನಾನು ಹೀಗೆ ಮೊದಲ ಸಲ ಅಳೆದಾಗ 29 ಮಿಲಿಸೆಕೆಂಡ್ ಬಂತು. ತಿಂಗಳುಗಟ್ಟಲೆ ಡ್ರೈವರ್‌ಗೆ ಶಾಪ ಹಾಕಿದ್ದೆ. ನೋಡಿದರೆ, ಎಲ್ಲ ಸದ್ದೂ ಕೊನೆಗೆ ಹಾದುಹೋಗುವ ಮಾಸ್ಟರ್ ಚಾನೆಲ್ ಮೇಲೆ ಯಾವತ್ತೋ ಸುಮ್ನೆ ಹಾಕಿಟ್ಟಿದ್ದ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವ ಪ್ಲಗಿನ್) ಕೂತಿತ್ತು. ಮುಂದೆ ಬರುವ ಏಟನ್ನು ಮೊದಲೇ ನೋಡಿಕೊಳ್ಳಲು ಅದು ಇಡೀ ಸದ್ದನ್ನು 10 ಮಿಲಿಸೆಕೆಂಡ್ ತಡೆದು ಬಿಡುತ್ತಿತ್ತು. ತೆಗೆದೆ. ಇನ್ನೂ ಏನೋ ಸರಿ ಇಲ್ಲ. ಸ್ನೇರ್ ಸದ್ದಿನ ರೆಕಾರ್ಡಿಂಗ್ ಫೈಲನ್ನೇ (ಇದನ್ನೂ ಸ್ಯಾಂಪಲ್ ಅಂತಾರೆ) ತೆರೆದು ಹಿಗ್ಗಿಸಿದೆ: ಶುರುವಿನಲ್ಲಿ 7 ಮಿಲಿಸೆಕೆಂಡ್ ಬರೀ ಮೌನ! ಕತ್ತರಿಸಿ ಎಸೆದೆ. ಬಫರ್ ಮುಟ್ಟದೆಯೇ 29 ಇದ್ದದ್ದು 12ಕ್ಕೆ ಬಂತು. ಲೀನಿಯರ್ ಫೇಸ್ ಇಕ್ಯೂ (ಸದ್ದಿನ ಸ್ವರ ತಿದ್ದುವ ಒಂದು ಬಗೆಯ ಪ್ಲಗಿನ್) ಕೂಡ ಲಿಮಿಟರ್ ಹಾಗೆ ತಡ ಮಾಡುವ ಜಾತಿಯದು, ಲೈವ್ ಪ್ರಾಜೆಕ್ಟಿನಲ್ಲಿ ಅದಕ್ಕೆ ಜಾಗವಿಲ್ಲ.

ಆಮೇಲೆ ಟ್ರಿಗರ್ ಮಾಡ್ಯೂಲ್ ನೋಡಿ. ಏಟು ಬಿದ್ದ ಕೂಡಲೇ ಪೀಜೋದ (ಪ್ಯಾಡಿನೊಳಗೆ ಏಟನ್ನು ಹಿಡಿಯುವ ಸೆನ್ಸರ್) ವೋಲ್ಟೇಜ್ ಒಮ್ಮೆಗೇ ತುದಿ ಮುಟ್ಟುವುದಿಲ್ಲ. ಏಟು ಎಷ್ಟು ಜೋರು ಅಂತ ತಿಳಿಯಲು ಮಾಡ್ಯೂಲ್ ಕೆಲವು ಮಿಲಿಸೆಕೆಂಡ್ ಕಾಯುತ್ತದೆ. ಇದೇ ಸ್ಕ್ಯಾನ್ ಟೈಮ್. ಸ್ವಲ್ಪ ಸ್ವಲ್ಪವೇ ಇಳಿಸಿ. ಜಾಸ್ತಿ ಇಳಿಸಿದರೆ ಒಂದೇ ಜೋರಿನ ಏಟು ಒಮ್ಮೆ ಮೆತ್ತಗೆ, ಒಮ್ಮೆ ಗಟ್ಟಿಯಾಗಿ ಕೇಳುತ್ತದೆ, ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬನ್ನಿ. ಪಕ್ಕದಲ್ಲೇ ಮಾಸ್ಕ್ ಟೈಮ್ ಅಂತ ಇನ್ನೊಂದು ಇರುತ್ತದೆ. ತಡ ಕಡಿಮೆಯಾಗಲಿ ಅಂತ ಬಹಳ ಜನ ಅದನ್ನು ಇಳಿಸುತ್ತಾರೆ. ಅದು ಕೆಲಸ ಮಾಡುವುದು ಏಟು ದಾಟಿದ ಮೇಲೆ, ಒಂದು ಏಟು ಎರಡಾಗಿ ಕೇಳದ ಹಾಗೆ. ಇಳಿಸಿದರೆ ಡಬಲ್ ಹೊಡೆತ ಸಿಗುತ್ತದೆ ಅಷ್ಟೇ.

ಮಾಡ್ಯೂಲಿನಿಂದ ಲ್ಯಾಪ್‌ಟಾಪ್‌ಗೆ ಏಟಿನ ಸಂಕೇತ ಒಯ್ಯಲು ಹಳೆಯ ಐದು ಪಿನ್ನಿನ ಮಿಡಿ ಕೇಬಲ್ ಬಳಸುತ್ತಿದ್ದರೆ ಯುಎಸ್‌ಬಿಗೆ ಬದಲಿಸಿ. ಆ ಕೇಬಲ್ಲಿನಲ್ಲಿ ಸೆಕೆಂಡಿಗೆ 31,250 ಬಿಟ್ ಮಾತ್ರ ಹೋಗುತ್ತದೆ, ಒಂದು ನೋಟಿಗೆ ಸುಮಾರು 1 ಮಿಲಿಸೆಕೆಂಡ್ ಬೇಕು. ಕಿಕ್, ಸ್ನೇರ್, ಕ್ರ್ಯಾಶ್ ಒಟ್ಟಿಗೆ ಹೊಡೆದರೆ ಮೂರೂ ಸಾಲಾಗಿ ನಿಂತು ಹೋಗುತ್ತವೆ. ಮಾಡ್ಯೂಲ್ ಇಲ್ಲದೆ ಪೀಜೋವನ್ನೇ ನೇರವಾಗಿ, ಲ್ಯಾಪ್‌ಟಾಪ್‌ಗೆ ಸದ್ದನ್ನು ಒಳಗೆ ಹೊರಗೆ ಸಾಗಿಸುವ ಪೆಟ್ಟಿಗೆಯಾದ ಆಡಿಯೋ ಇಂಟರ್‌ಫೇಸಿಗೆ ಚುಚ್ಚಿದ್ದರೆ ಕಥೆ ಬೇರೆ. ಆಗ ಒಳಗೆ ಬರುವಾಗಲೂ ಬಫರ್ ತುಂಬುವವರೆಗೆ ಕಾಯಬೇಕು, ಹೊರಗೆ ಹೋಗುವಾಗಲೂ ಕಾಯಬೇಕು. ಒಳಗೆ ಬಂದ ಸದ್ದನ್ನು ಲ್ಯಾಪ್‌ಟಾಪ್‌ಗೆ ಕಳಿಸದೆ ಹಾಗೇ ಕೇಳಿಸುವ 'ಡೈರೆಕ್ಟ್ ಮಾನಿಟರ್' ಗುಂಡಿಯೂ ಉಪಯೋಗವಿಲ್ಲ, ಕೇಳಿಸುವುದು ಪೀಜೋದ ಟಕಟಕ ಮಾತ್ರ.

ಇನ್ನು ಚಟಪಟದ ವಿಷಯ. ವಿಂಡೋಸ್ ಆದರೆ ಇಂಟರ್‌ಫೇಸ್ ತಯಾರಕರದೇ ಆಸಿಯೋ ಡ್ರೈವರ್ (ತಡ ಕಡಿಮೆ ಇರುವ ಆಡಿಯೋ ಡ್ರೈವರ್) ಹಾಕಿ. ಆಸಿಯೋ4ಆಲ್ ಎಂಬುದು ವಿಂಡೋಸಿನ ಮಾಮೂಲಿ ಡ್ರೈವರಿಗೆ ಹೊದಿಸಿದ ಮುಸುಕು, ಬೇರೆ ಗತಿ ಇಲ್ಲದಾಗ ಸರಿ. ಚಾರ್ಜರ್ ಹಾಕಿರಲಿ, ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ನಲ್ಲಿರಲಿ, ಯುಎಸ್‌ಬಿ ಹಬ್ ಬೇಡ. ವೈಫೈಯನ್ನು ಡಿವೈಸ್ ಮ್ಯಾನೇಜರ್‌ನಲ್ಲೇ ಆರಿಸಿ, ಅದರ ಡ್ರೈವರ್ ಆಗಾಗ ಪ್ರೊಸೆಸರನ್ನು ಹಿಡಿದು ನಿಲ್ಲಿಸುವುದುಂಟು. ಲೇಟೆನ್ಸಿಮಾನ್ ಎಂಬ ತಂತ್ರಾಂಶ ಯಾವ ಡ್ರೈವರ್ ಕಾಟ ಕೊಡುತ್ತಿದೆ ಅಂತ ಹೆಸರು ಹಿಡಿದು ಹೇಳುತ್ತದೆ. ಇಷ್ಟಾದ ಮೇಲೂ 64 ನಿಲ್ಲದಿದ್ದರೆ 128ರಲ್ಲೇ ಇರಿ. ಸ್ಟೇಜ್ ಮೇಲೆ ಒಂದು ಚಟಾರ್ ಸದ್ದಿಗಿಂತ ಆ 1.3 ಮಿಲಿಸೆಕೆಂಡ್ ವಾಸಿ.

ಆ ಇಪ್ಪತ್ತು ಏಟುಗಳಲ್ಲಿ ಸರಾಸರಿ ಮಾತ್ರ ನೋಡಬೇಡಿ. ಎಲ್ಲವೂ 9 ಆಸುಪಾಸಿನಲ್ಲಿದ್ದರೆ ಕೈ ತಾನೇ ಹೊಂದಿಕೊಳ್ಳುತ್ತದೆ. ಒಂದು 5, ಇನ್ನೊಂದು 14 ಬಂದರೆ ಎಂಥ ಕೈಯೂ ಕೆಸರಿನಲ್ಲಿ ಬಾರಿಸಿದ ಹಾಗೆ ಆಗುತ್ತದೆ. ಕಿವಿಗೆ ಬ್ಲೂಟೂತ್ ಹೆಡ್‌ಫೋನ್ ಇದ್ದರೆ ಮಾತ್ರ ಮೇಲಿನ ಯಾವುದನ್ನೂ ಮಾಡಬೇಡಿ, ಮೊದಲು ಅದನ್ನು ಬಿಸಾಕಿ ವೈರಿನದು ಹಾಕಿ.

ಅಳತೆ ಎಷ್ಟು ಬಂತು, ಮಾಡ್ಯೂಲ್ ಯಾವುದು ಅಂತ ಕೆಳಗೆ ಬರೆಯಿರಿ, ನೋಡೋಣ.